ಹೊಗೆ ಚೀಟಿ ಮತ್ತು ಹಳದಿ ದೀಪ: ಯಾವ ಸಾಕ್ಷಿಯನ್ನು ನಂಬೋಣ?

ಹೊನ್ನಾವರದಿಂದ ದಕ್ಷಿಣಕ್ಕೆ ಏಳೆಂಟು ಕಿಲೊಮೀಟರ್ ದೂರದಲ್ಲಿ ಅಪ್ಸರಕೊಂಡವಿದೆ. ಗುಡ್ಡದ ಮೇಲಿನಿಂದ ಅರಬ್ಬೀ ಸಮುದ್ರದ ನೋಟ, ಕೆಳಗೆ ಕಿರು ಜಲಪಾತ ಮತ್ತು ಕೊಳ. ಇಲ್ಲಿಯ ಗಾಳಿ ಶುದ್ಧವೆಂದು ಯಾರಿಗಾದರೂ ಅನಿಸೀತು. ಆದರೆ ಸಮೀಪದಲ್ಲೇ ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗುತ್ತದೆ. ಅದರಲ್ಲಿ ಓಡುವ 'ಕೆಎ 47' ಫಲಕದ ಆಟೋ, ಮಂಗಳೂರಿನಿಂದ ಗೋವೆಯತ್ತ ಹೊರಟ ಲಾರಿ, ಪ್ರವಾಸಿಗರ ಕಾರು ಎಲ್ಲವೂ ಒಂದು ಚೀಟಿಯನ್ನು ಜೊತೆಗಿಟ್ಟುಕೊಂಡಿರಬೇಕು. ಜನ ಇದನ್ನು 'ಎಮಿಷನ್ ಸರ್ಟಿಫಿಕೇಟ್' ಎನ್ನುತ್ತಾರೆ. ಸರಕಾರಿ ಹೆಸರು ಪಿಯುಸಿ, ಅಂದರೆ 'ಮಾಲಿನ್ಯ ನಿಯಂತ್ರಣದಲ್ಲಿದೆ' ಎಂಬ ಪ್ರಮಾಣಪತ್ರ.

ಈ ಲೇಖನ ಆ ಚೀಟಿಯ ವಿಮರ್ಶೆ. ಒಂದು ಪುಸ್ತಕವನ್ನು ವಿಮರ್ಶಿಸುವಾಗ ಅದು ಏನು ಹೇಳುತ್ತದೆ, ಹೇಳಿದ್ದಕ್ಕೆ ಆಧಾರವೇನು ಎಂದು ಕೇಳುತ್ತೇವೆ. ಪ್ರಮಾಣಪತ್ರವನ್ನೂ ಹಾಗೆಯೇ ಓದಬಹುದು. ಜೊತೆಗೆ ಇನ್ನೊಂದು ಸಾಕ್ಷಿಯನ್ನೂ ಪರಿಶೀಲಿಸೋಣ. ಅದು ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕೆಲವೊಮ್ಮೆ ಹೊತ್ತಿಕೊಳ್ಳುವ, ಎಂಜಿನ್ ಆಕಾರದ ಹಳದಿ ದೀಪ. ಚೀಟಿ ಹೊರಗಿನಿಂದ ಬಂದ ಸಾಕ್ಷಿ. ದೀಪ ಒಳಗಿನ ಸಾಕ್ಷಿ. ಇವೆರಡೂ ಒಂದೇ ವಾಹನದ ಬಗ್ಗೆ ಪರಸ್ಪರ ವಿರುದ್ಧವಾಗಿ ನುಡಿದರೆ ಯಾವುದನ್ನು ನಂಬಬೇಕು?

ಚೀಟಿಯಲ್ಲಿ ಇರುವುದೇನು?

ಈ ತಪಾಸಣೆಗೆ ಆಧಾರ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮ. ಹೊಸ ವಾಹನಕ್ಕೆ ನೋಂದಣಿಯಾಗಿ ಒಂದು ವರ್ಷ ತುಂಬಿದ ಮೇಲೆ ಚೀಟಿ ಬೇಕು. ಹಳೆಯ ವಾಹನಗಳಿಗೆ ಅದರ ಅವಧಿ ಆರು ತಿಂಗಳು, ಬಿಎಸ್-4 ಮತ್ತು ಆನಂತರದ ವಾಹನಗಳಿಗೆ ಒಂದು ವರ್ಷ. 2019ರ ತಿದ್ದುಪಡಿಯಾದ ಮೇಲೆ ಕೇಂದ್ರ ಕಾಯಿದೆ ಈ ವಿಷಯದ ಉಲ್ಲಂಘನೆಗೆ 10,000 ರೂಪಾಯಿವರೆಗೆ ದಂಡಕ್ಕೂ ಮೂರು ತಿಂಗಳವರೆಗೆ ಸೆರೆವಾಸಕ್ಕೂ ಅವಕಾಶ ನೀಡುತ್ತದೆ. ಇಷ್ಟು ಭಾರದ ಶಿಕ್ಷೆಗೆ ಆಧಾರವಾಗುವ ಅಳತೆ ಎಷ್ಟು ಗಟ್ಟಿ ಎಂದು ಕೇಳುವುದು ನ್ಯಾಯವೇ ಆಗಿದೆ.

ಪೆಟ್ರೋಲ್ ವಾಹನಗಳಲ್ಲಿ ಅಳೆಯುವುದು ಮುಖ್ಯವಾಗಿ ಎರಡು ಅನಿಲಗಳನ್ನು: ಕಾರ್ಬನ್ ಮಾನಾಕ್ಸೈಡ್ ಮತ್ತು ಉರಿಯದೆ ಉಳಿದ ಹೈಡ್ರೋಕಾರ್ಬನ್. ಎಂಜಿನ್ ಬಿಸಿಯಾಗಿ, ಗೇರ್ ನ್ಯೂಟ್ರಲ್‌ನಲ್ಲಿ, ವಾಹನ ನಿಂತಲ್ಲೇ ನಿಂತು ಐಡ್ಲಿಂಗ್‌ನಲ್ಲಿರುವಾಗ ಸೈಲೆನ್ಸರಿನೊಳಕ್ಕೆ ನಳಿಕೆ ತೂರಿಸಿ ಅನಿಲ ಎಳೆದುಕೊಳ್ಳುತ್ತಾರೆ. ಯಂತ್ರದೊಳಗೆ ಅವಕೆಂಪು ಕಿರಣ ಆ ಅನಿಲದ ಮೂಲಕ ಹಾಯುತ್ತದೆ. ಪ್ರತಿಯೊಂದು ಅನಿಲವೂ ತನಗೆ ಒಗ್ಗುವ ತರಂಗದೂರದ ಕಿರಣವನ್ನಷ್ಟೇ ಹೀರಿಕೊಳ್ಳುವುದರಿಂದ, ಕಿರಣ ಎಷ್ಟು ಕುಗ್ಗಿತು ಎಂಬುದರಿಂದ ಅನಿಲದ ಪ್ರಮಾಣ ತಿಳಿಯುತ್ತದೆ.

2000ದ ಮಾರ್ಚ್ ನಂತರ ತಯಾರಾದ ನಾಲ್ಕು-ಸ್ಟ್ರೋಕ್ ದ್ವಿಚಕ್ರಗಳಿಗೆ 2004ರಿಂದ ಜಾರಿಗೆ ಬಂದ ಮಿತಿ ಕಾರ್ಬನ್ ಮಾನಾಕ್ಸೈಡಿಗೆ ಶೇಕಡಾ 3.5, ಹೈಡ್ರೋಕಾರ್ಬನ್‌ಗೆ ದಶಲಕ್ಷದಲ್ಲಿ 4500 ಭಾಗ. ಬಿಎಸ್-4 ಪೆಟ್ರೋಲ್ ಕಾರುಗಳ ಮಿತಿ ಇದಕ್ಕಿಂತ ಬಹಳ ಬಿಗಿ: ಶೇಕಡಾ 0.3 ಮತ್ತು ದಶಲಕ್ಷದಲ್ಲಿ 200 ಭಾಗ. ಇವುಗಳಿಗೆ ಎಂಜಿನ್ ವೇಗವನ್ನು ನಿಮಿಷಕ್ಕೆ 2500 ಸುತ್ತಿನ ಆಸುಪಾಸಿಗೆ ಏರಿಸಿ ಇನ್ನೊಂದು ಅಳತೆಯನ್ನೂ ಮಾಡಬೇಕು.

ಡೀಸೆಲ್ ವಾಹನಗಳ ಕ್ರಮ ಬೇರೆ. ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರನ್ನು ಒಮ್ಮೆಲೇ ತುಳಿದಾಗ ಹೊರಬರುವ ಹೊಗೆ ಎಷ್ಟು ಬೆಳಕನ್ನು ತಡೆಯಿತು ಎಂದು ನೋಡುತ್ತಾರೆ. ಬಿಎಸ್-4 ಡೀಸೆಲ್ ವಾಹನಕ್ಕೆ ಮಿತಿ ಶೇಕಡಾ 50, ಅದಕ್ಕೂ ಹಳೆಯದಕ್ಕೆ ಶೇಕಡಾ 65. ಇದನ್ನೇ ಹೀರಿಕೆಯ ಗುಣಾಂಕವಾಗಿ ಮೀಟರಿಗೆ 1.62 ಮತ್ತು 2.45 ಎಂದೂ ಬರೆಯುತ್ತಾರೆ. ಭೌತವಿಜ್ಞಾನದ ವಿದ್ಯಾರ್ಥಿಗಳು ಬಿಯರ್-ಲ್ಯಾಂಬರ್ಟ್ ನಿಯಮವನ್ನು 43 ಸೆಂಟಿಮೀಟರ್ ಉದ್ದದ ಹೊಗೆಗೆ ಅನ್ವಯಿಸಿ ನೋಡಿ: ಎರಡು ಬಗೆಯ ಅಂಕಿಗಳೂ ತಾಳೆಯಾಗುತ್ತವೆ. ಇಷ್ಟರಮಟ್ಟಿಗೆ ಈ ಪರೀಕ್ಷೆಯ ಭೌತವಿಜ್ಞಾನ ಅಚ್ಚುಕಟ್ಟಾಗಿದೆ. ದೋಷ ಇರುವುದು ಬೇರೆಡೆ.

ಅಳೆಯದೆ ಬಿಟ್ಟದ್ದು

ಹೊನ್ನಾವರದಿಂದ ಗೇರುಸೊಪ್ಪೆಯ ದಾರಿಯಾಗಿ ಜೋಗದತ್ತ ಘಟ್ಟ ಹತ್ತುವ ಲಾರಿಯೊಂದನ್ನು ಕಲ್ಪಿಸಿಕೊಳ್ಳಿ. ಸರಕು ಸೇರಿ ತೂಕ 25 ಟನ್, ಏರುವ ಎತ್ತರ ಸುಮಾರು 500 ಮೀಟರ್ ಎಂದಿಟ್ಟುಕೊಳ್ಳೋಣ. ರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಈ ಮೂರನ್ನೂ ಗುಣಿಸಿದರೆ ಸುಮಾರು 12 ಕೋಟಿ ಜೂಲ್ ಬರುತ್ತದೆ. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 3.6 ಕೋಟಿ ಜೂಲ್ ಶಕ್ತಿಯಿದೆ. ಅದರ ಮೂರನೆಯ ಒಂದು ಭಾಗ ಚಕ್ರಕ್ಕೆ ಮುಟ್ಟಿತೆಂದರೂ, ಎತ್ತರ ಏರುವ ಕೆಲಸಕ್ಕೇ 10 ಲೀಟರ್ ಡೀಸೆಲ್ ಬೇಕು. ಘರ್ಷಣೆ, ಗಾಳಿಯ ತಡೆ ಇವುಗಳ ಲೆಕ್ಕ ಬೇರೆ. ಲಾರಿ ಹೆಚ್ಚು ಹೊಗೆ ಉಗುಳುವುದು ಇಲ್ಲಿ, ಈ ಹೊರೆಯಡಿಯಲ್ಲಿ. ಪರೀಕ್ಷೆ ನಡೆಯುವುದು ಕೆಳಗೆ ಸಪಾಟು ನೆಲದಲ್ಲಿ, ಚಕ್ರ ಉರುಳದೆ, ಹೊರೆಯೇ ಇಲ್ಲದೆ. ಭಾರ ಹೊರುವವನ ಉಸಿರಾಟವನ್ನು ಅವನು ಕುಳಿತು ವಿಶ್ರಮಿಸುತ್ತಿರುವಾಗ ಪರೀಕ್ಷಿಸಿದಂತೆ ಇದು.

ಎರಡನೆಯ ಕೊರತೆ ಇನ್ನೂ ದೊಡ್ಡದು. ಸಿಲಿಂಡರಿನೊಳಗಿನ ಉಷ್ಣತೆ ಸುಮಾರು 1500 ಡಿಗ್ರಿ ಸೆಲ್ಸಿಯಸ್ ಮೀರಿದಾಗ ಗಾಳಿಯಲ್ಲಿರುವ ನೈಟ್ರೋಜನ್ ಮತ್ತು ಆಕ್ಸಿಜನ್ ವೇಗವಾಗಿ ಕೂಡಿಕೊಂಡು ನೈಟ್ರೋಜನ್ ಆಕ್ಸೈಡುಗಳಾಗುತ್ತವೆ. ಶ್ವಾಸಕೋಶವನ್ನು ಕೆರಳಿಸುವ, ಬಿಸಿಲಿನಲ್ಲಿ ನೆಲಮಟ್ಟದ ಓಝೋನ್ ಹುಟ್ಟಲು ಕಾರಣವಾಗುವ ಅನಿಲಗಳಿವು. ಎಂಜಿನ್ ಹೆಚ್ಚು ದುಡಿದಷ್ಟೂ ಇವು ಹೆಚ್ಚು. ಐಡ್ಲಿಂಗ್‌ನಲ್ಲಿ ಇವು ಕಡಿಮೆ ಮಾತ್ರವಲ್ಲ, ನಮ್ಮ ಚೀಟಿಯಲ್ಲಿ ಇವಕ್ಕೊಂದು ಸಾಲೂ ಇಲ್ಲ. ಡೀಸೆಲಿನ ಅತಿಸೂಕ್ಷ್ಮ ಕಣಗಳ ಕತೆಯೂ ಅಷ್ಟೆ. ಅವುಗಳ ಗಾತ್ರ 100 ನ್ಯಾನೊಮೀಟರಿಗಿಂತ ಕಡಿಮೆ. ಕಣ್ಣಿಗೆ ಕಾಣುವ ಬೆಳಕಿನ ತರಂಗದೂರ 400ರಿಂದ 700 ನ್ಯಾನೊಮೀಟರ್. ಇಷ್ಟು ಚಿಕ್ಕ ಕಣ ಬೆಳಕನ್ನು ಹೆಚ್ಚೇನೂ ತಡೆಯದು. ಹೊಗೆ ಇದ್ದಲ್ಲಿ ಬೆಂಕಿ ಇದೆ ಎಂಬುದು ಸರಿಯಾದ ಅನುಮಾನ. ಹೊಗೆ ಕಾಣದಿದ್ದಲ್ಲಿ ಕೊಳೆಯೇ ಇಲ್ಲ ಎಂಬುದು ತಪ್ಪಾದ ಅನುಮಾನ.

ತೂತು ಬಿದ್ದ ಸೈಲೆನ್ಸರ್ ತೇರ್ಗಡೆಯಾಗುವ ಬಗೆ

ಕರಾವಳಿಯ ಓದುಗರಿಗೆ ಮೂರನೆಯ ಕೊರತೆ ಚೆನ್ನಾಗಿ ಅರ್ಥವಾದೀತು. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ. (ಆಕ್ಟೇನಿನ ದಹನ ಸಮೀಕರಣ ಬರೆದು ಲೆಕ್ಕ ಹಾಕಿ.) ದೂರದ ಓಟದಲ್ಲಿ ಅದು ಆವಿಯಾಗಿ ಹೊರಹೋಗುತ್ತದೆ. ಮನೆಯಿಂದ ಪೇಟೆಗಷ್ಟೇ ಹೋಗಿಬರುವ ಬೈಕಿನಲ್ಲಿ ತಣ್ಣನೆಯ ಸೈಲೆನ್ಸರಿನೊಳಗೇ ಹನಿಗಟ್ಟಿ ನಿಲ್ಲುತ್ತದೆ. ಒಳಗಿನಿಂದ ಈ ಆಮ್ಲೀಯ ನೀರು, ಹೊರಗಿನಿಂದ ಸಮುದ್ರದ ಉಪ್ಪುಗಾಳಿ. ಭಟ್ಕಳದಿಂದ ಕುಮಟೆಯವರೆಗೆ ಸೈಲೆನ್ಸರುಗಳು ಬೇಗ ತುಕ್ಕು ಹಿಡಿದು ತೂತಾಗುವುದರ ರಸಾಯನ ಇದು.

ಇನ್ನು ಅಳತೆಗೆ ಬನ್ನಿ. ಎಂಜಿನ್ನಿನ ಅನಿಲ ಒಂದೇ ಸಮನೆ ಹರಿಯುವುದಿಲ್ಲ, ಬಡಿತ ಬಡಿತವಾಗಿ ಬರುತ್ತದೆ. ಎರಡು ಬಡಿತಗಳ ನಡುವೆ ಕೊಳವೆಯ ಒತ್ತಡ ಕ್ಷಣಕಾಲ ತಗ್ಗಿದಾಗ ತೂತಿನ ಮೂಲಕ ಹೊರಗಿನ ಗಾಳಿ ಒಳನುಗ್ಗುತ್ತದೆ. ಹಾಲಿಗೆ ನೀರು ಬೆರೆತ ಹಾಗೆ ಅನಿಲ ತೆಳುವಾಗುತ್ತದೆ. ಒಂದು ನಾಲ್ಕು-ಸ್ಟ್ರೋಕ್ ಬೈಕಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇಕಡಾ 2.8, ಕಾರ್ಬನ್ ಡೈಆಕ್ಸೈಡ್ ಶೇಕಡಾ 7.2 ಬಂತೆನ್ನಿ. ಮಿತಿ 3.5 ಆದ್ದರಿಂದ ಬೈಕು ತೇರ್ಗಡೆ! ಆದರೆ ಗಾಳಿ ಬೆರೆಯದ ಅನಿಲದಲ್ಲಿ ಈ ಎರಡರ ಮೊತ್ತ 15ರ ಸುಮಾರಿಗೆ ಇರಬೇಕು. ಇಲ್ಲಿ ಇರುವುದು 10. ಅಂತಾರಾಷ್ಟ್ರೀಯ ಪರೀಕ್ಷಾ ಕ್ರಮದಲ್ಲಿ ಇದಕ್ಕೊಂದು ತಿದ್ದುಪಡಿ ಇದೆ: ಅಳೆದ ಮಾನಾಕ್ಸೈಡನ್ನು 15ರಿಂದ ಗುಣಿಸಿ ಎರಡರ ಮೊತ್ತದಿಂದ ಭಾಗಿಸಬೇಕು. ಆಗ ಬರುವುದು 4.2. ಅಂದರೆ ಬೈಕು ಅನುತ್ತೀರ್ಣ. ಹಾಳಾದ ಸೈಲೆನ್ಸರೇ ಅದಕ್ಕೆ ಒಳ್ಳೆಯ ಅಂಕ ಕೊಡಿಸಿದೆ.

ಕಾರುಗಳಿಗಾದರೆ 2500 ಸುತ್ತಿನ ಪರೀಕ್ಷೆಯಲ್ಲಿ 'ಲ್ಯಾಂಬ್ಡಾ' ಎಂಬ ಸಂಖ್ಯೆಯನ್ನು ನೋಡಬೇಕೆಂಬ ನಿಯಮವಿದೆ. ಸಿಲಿಂಡರಿಗೆ ಹೋದ ಗಾಳಿ, ಇಂಧನ ಉರಿಯಲು ಬೇಕಾದ ಗಾಳಿಗೆ ಸರಿಸಮವಾಗಿದ್ದರೆ ಅದು 1. ಅದು 0.97ರಿಂದ 1.03ರೊಳಗೆ ಇರಬೇಕು. ಗಾಳಿ ಬೆರೆತರೆ ಲ್ಯಾಂಬ್ಡಾ ಏರಿ ಮೋಸ ಬಯಲಾಗುತ್ತದೆ. ಒಳ್ಳೆಯ ಉಪಾಯವೇ, ಆದರೆ ಅದನ್ನು ನಿಜವಾಗಿ ಮಾಡಿದರೆ ಮಾತ್ರ.

'ಮಾಡಿದರೆ' ಎಂಬ ಮಾತು ಸುಮ್ಮನೆ ಬಂದದ್ದಲ್ಲ. ದೆಹಲಿಯ ವಾಹನ ಮಾಲಿನ್ಯದ ಬಗ್ಗೆ ಮಹಾಲೇಖಪಾಲರು ಸಿದ್ಧಪಡಿಸಿದ ವರದಿ 2025ರಲ್ಲಿ ಅಲ್ಲಿನ ವಿಧಾನಸಭೆಯ ಮುಂದೆ ಬಂತು. ಅಳತೆಯ ಅಂಕಿಗಳು ಮಿತಿ ಮೀರಿದ್ದರೂ 1.08 ಲಕ್ಷಕ್ಕೂ ಹೆಚ್ಚು ವಾಹನಗಳಿಗೆ ಪ್ರಮಾಣಪತ್ರ ನೀಡಲಾಗಿತ್ತು ಎಂದು ಅದು ಹೇಳಿತು. ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸಿ ಪರೀಕ್ಷೆಯ ಹೊತ್ತಿಗಷ್ಟೇ ಇಂಧನ ತೆಳು ಮಾಡಿ, ಚೀಟಿ ಸಿಕ್ಕ ಮೇಲೆ ಮೊದಲಿನಂತೆ ತಿರುಗಿಸಿಕೊಳ್ಳುವುದು ಹಳೆಯ ವಾಹನಗಳವರಿಗೆ ಗೊತ್ತಿರುವ ಮಾತೇ.

ಒಳಗಿನ ಸಾಕ್ಷಿ

ಈಗ ಹಳದಿ ದೀಪಕ್ಕೆ ಬರೋಣ. ಲಾಸ್ ಏಂಜಲಿಸ್‌ನ ದಟ್ಟ ಹೊಗೆಮಂಜಿನಿಂದ ಬೇಸತ್ತಿದ್ದ ಕ್ಯಾಲಿಫೋರ್ನಿಯ 1988ರ ಮಾದರಿಯ ಕಾರುಗಳಿಂದ ಒಂದು ನಿಯಮ ತಂದಿತು. ಮಾಲಿನ್ಯ ತಡೆಯುವ ಭಾಗಗಳು ಕೆಟ್ಟರೆ ಕಾರೇ ತನ್ನ ಚಾಲಕನಿಗೆ ತಿಳಿಸಬೇಕು. ಇದರ ಸುಧಾರಿತ ರೂಪವಾದ ಒಬಿಡಿ-2, 1996ರಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾಯಿತು. ಭಾರತದಲ್ಲಿ 2013ರ ಏಪ್ರಿಲ್‌ನಿಂದ ಬಿಎಸ್-4 ಕಾರುಗಳಿಗೆ ಒಬಿಡಿ-2 ಬಂತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಜಾರಿಯಾದಾಗ ದ್ವಿಚಕ್ರಗಳಿಗೂ ಒಬಿಡಿ ಬಂತು. ನಿಮ್ಮ ಮನೆಯ ಹೊಸ ಸ್ಕೂಟರಿನಲ್ಲಿ ಹಳದಿ ದೀಪ ಇರುವುದು ಇದೇ ಕಾರಣಕ್ಕೆ.

ಈ ದೀಪದ ಹಿಂದಿನ ತರ್ಕ ಸೊಗಸಾಗಿದೆ. ಪೆಟ್ರೋಲ್ ಕಾರಿನ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಪ್ಲಾಟಿನಮ್, ಪಲ್ಲೇಡಿಯಮ್, ರೋಡಿಯಮ್ ಲೇಪಿಸಿದ ಜೇನುಗೂಡಿನಂಥ ರಚನೆಯಿದೆ. ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಅಲ್ಲಿ ಉತ್ಕರ್ಷಣ ಹೊಂದುತ್ತವೆ, ನೈಟ್ರೋಜನ್ ಆಕ್ಸೈಡುಗಳು ಅಪಕರ್ಷಣ ಹೊಂದುತ್ತವೆ. ಕನ್ವರ್ಟರಿನ ಮುಂದೊಂದು, ಹಿಂದೊಂದು ಆಕ್ಸಿಜನ್ ಸಂವೇದಕ ಇರುತ್ತದೆ. ಗಾಳಿ-ಇಂಧನ ಮಿಶ್ರಣ ಸದಾ ತುಸು ಹೆಚ್ಚು ತುಸು ಕಡಿಮೆ ಆಗುತ್ತಿರುವುದರಿಂದ ಮುಂದಿನ ಸಂವೇದಕದ ಸೂಚನೆ ಏರಿಳಿಯುತ್ತದೆ. ಕನ್ವರ್ಟರ್ ಚೆನ್ನಾಗಿದ್ದರೆ ಆಕ್ಸಿಜನ್ನನ್ನು ಹಿಡಿದಿಟ್ಟು ಬಿಟ್ಟುಕೊಡುತ್ತ ಆ ಏರಿಳಿತವನ್ನು ಶಮನ ಮಾಡುತ್ತದೆ. ಹಿಂದಿನ ಸಂವೇದಕ ಶಾಂತವಾಗಿರುತ್ತದೆ. ಹಿಂದಿನದೂ ಮುಂದಿನದರಂತೆಯೇ ಕುಣಿಯತೊಡಗಿದರೆ ಕನ್ವರ್ಟರ್ ಸತ್ತಿದೆ ಎಂದರ್ಥ. ಗಣಕ 'ಪಿ 0420' ಎಂಬ ಸಂಕೇತ ಬರೆದಿಟ್ಟು ದೀಪ ಹೊತ್ತಿಸುತ್ತದೆ. ಅನಿಲವನ್ನು ನೇರವಾಗಿ ಅಳೆಯದೆಯೇ ಕನ್ವರ್ಟರಿನ ಆರೋಗ್ಯ ತಿಳಿಯುವ ಜಾಣತನ ಇದು. ವಾಹನ ರಸ್ತೆಯಲ್ಲಿ, ಹೊರೆ ಹೊತ್ತು ಓಡುತ್ತಿರುವಾಗಲೇ ಈ ಪರೀಕ್ಷೆ ನಡೆಯುತ್ತಿರುತ್ತದೆ.

ಹಾಗಾದರೆ ದೀಪವನ್ನೇ ನಂಬಿಬಿಡಬಹುದೇ? ಅದಕ್ಕೂ ದೋಷಗಳಿವೆ. ಮೊದಲನೆಯದು ಅದರ ಭಾಷೆ. 'ಎಂಜಿನ್ ಪರೀಕ್ಷಿಸಿ' ಎನ್ನುತ್ತದೆಯೇ ಹೊರತು ಏನಾಗಿದೆ ಎನ್ನುವುದಿಲ್ಲ. ಸಂವೇದಕದ ತಂತಿ ಸಡಿಲವಾದರೂ ಹೊತ್ತುತ್ತದೆ, ಕನ್ವರ್ಟರ್ ಸತ್ತರೂ ಹೊತ್ತುತ್ತದೆ. ದೀಪ ಹೊತ್ತಿದ ವಾಹನವೆಲ್ಲ ಕೊಳಕು ವಾಹನವಲ್ಲ. ಎರಡನೆಯದು ಅದರ ನಿಧಾನ: ಹಲವು ದೋಷಗಳು ಎರಡು ಓಟಗಳಲ್ಲಿ ಸತತವಾಗಿ ಕಂಡ ಮೇಲಷ್ಟೇ ದೀಪ ಹೊತ್ತುತ್ತದೆ. ಮೂರನೆಯದು, ಅದರ ಬಾಯಿ ಮುಚ್ಚಿಸುವುದು ಸುಲಭ. ಸ್ಕ್ಯಾನರ್ ಜೋಡಿಸಿ ಸಂಕೇತ ಅಳಿಸಿದರೆ ದೀಪ ಆರುತ್ತದೆ, ದೋಷ ಉಳಿಯುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಗಂಭೀರ. ದೀಪದ ತಂತ್ರಾಂಶ ಬರೆಯುವವರು ವಾಹನ ತಯಾರಕರೇ. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಫೋಕ್ಸ್‌ವ್ಯಾಗನ್ ಕಂಪನಿಗೆ ನೋಟಿಸ್ ನೀಡಿತು. ಆ ಕಂಪನಿಯ ಡೀಸೆಲ್ ಕಾರುಗಳು ತಾವು ಪ್ರಯೋಗಾಲಯದಲ್ಲಿದ್ದೇವೆಂದು ಗುರುತಿಸಿ ಅಲ್ಲಿ ಮಾತ್ರ ಸಭ್ಯವಾಗಿ ವರ್ತಿಸುತ್ತಿದ್ದವು. ರಸ್ತೆಯಲ್ಲಿ ನೈಟ್ರೋಜನ್ ಆಕ್ಸೈಡನ್ನು ಮಿತಿಯ 40 ಪಟ್ಟಿನವರೆಗೆ ಉಗುಳುತ್ತಿದ್ದವು. ಹಳದಿ ದೀಪ ಮೌನವಾಗಿತ್ತು. ಇದನ್ನು ಬಯಲಿಗೆ ತಂದ ಅಳತೆ ವೆಸ್ಟ್ ವರ್ಜೀನಿಯ ವಿಶ್ವವಿದ್ಯಾಲಯದ ಪುಟ್ಟ ತಂಡದ್ದು. ಆ ತಂಡದಲ್ಲಿ ನಮ್ಮ ಬೆಂಗಳೂರಿನ ಹೇಮಂತ್ ಕಪ್ಪಣ್ಣ ಇದ್ದರು ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಅಳೆಯುವ ಯಂತ್ರವನ್ನು ಕಾರಿನೊಳಗೇ ಇಟ್ಟುಕೊಂಡು ರಸ್ತೆಯಲ್ಲಿ ಓಡಿಸಿ ನೋಡಿದ್ದಷ್ಟೇ ಅವರು ಮಾಡಿದ್ದು. ಭಾರತದಲ್ಲಿಯೂ 2023ರ ಏಪ್ರಿಲ್‌ನಲ್ಲಿ ಬಂದ ಬಿಎಸ್-6ರ ಎರಡನೆಯ ಹಂತ ಹೊಸ ಕಾರುಗಳಿಗೆ ಇಂಥ ರಸ್ತೆ ಪರೀಕ್ಷೆಯನ್ನು ಅನ್ವಯಿಸಿತು.

ಎರಡು ಸಾಕ್ಷಿ, ಒಂದು ತೀರ್ಪು

ಅಮೆರಿಕದ ಹಲವು ರಾಜ್ಯಗಳಲ್ಲಿ 1996ರ ನಂತರದ ಕಾರುಗಳ ತಪಾಸಣೆಯೆಂದರೆ ಮುಖ್ಯವಾಗಿ ಒಬಿಡಿ ಓದುವುದೇ. ದೀಪ ಹೊತ್ತಿದ್ದರೆ ಕಾರು ಅನುತ್ತೀರ್ಣ. ಸಂಕೇತ ಅಳಿಸಿಕೊಂಡು ಬಂದರೂ ಸಿಕ್ಕಿಬೀಳುತ್ತದೆ. ಏಕೆಂದರೆ ಅಳಿಸಿದಾಗ ಸ್ವಯಂಪರೀಕ್ಷೆಗಳ ಫಲಿತಾಂಶವೂ ಅಳಿಸಿಹೋಗಿ 'ಸಿದ್ಧವಿಲ್ಲ' ಎಂದು ತೋರಿಸುತ್ತದೆ. ಮತ್ತೆ ಸಿದ್ಧವಾಗಲು ಕಾರು ಬಗೆಬಗೆಯ ವೇಗಗಳಲ್ಲಿ ಓಡಬೇಕು. 2001ರ ನಂತರದ ಕಾರುಗಳಲ್ಲಿ ಇಂಥ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಾಕಿಯಿದ್ದರೆ 'ಓಡಿಸಿಕೊಂಡು ಬನ್ನಿ' ಎಂದು ಹಿಂದಿರುಗಿಸುತ್ತಾರೆ.

ನಮ್ಮಲ್ಲಿ ಈ ಎರಡು ಸಾಕ್ಷಿಗಳು ಪರಸ್ಪರ ಮುಖ ನೋಡುವುದೇ ಇಲ್ಲ. ನಳಿಕೆಯ ಪರೀಕ್ಷೆಯಲ್ಲಿ ಡ್ಯಾಶ್‌ಬೋರ್ಡಿನ ದೀಪಕ್ಕೆ ಅಂಕವಿಲ್ಲ. ದೀಪ ಹೊತ್ತಿಕೊಂಡೇ ಇರುವ ಕಾರು ಚೀಟಿ ಪಡೆದು ಹೊರಬರಬಹುದು. ಒಬಿಡಿ ಇರುವ ಕಾರು ಕೊಂಡ ಪ್ರತಿಯೊಬ್ಬರೂ ಅದಕ್ಕೆ ಹಣ ಕೊಟ್ಟಿದ್ದಾರೆ, ಆದರೆ ವಾರ್ಷಿಕ ತಪಾಸಣೆ ಅದನ್ನು ಬಳಸುತ್ತಿಲ್ಲ. ಇದು ನನ್ನ ಮುಖ್ಯ ಆಕ್ಷೇಪ.

ಇದರಲ್ಲಿ ನ್ಯಾಯದ ಪ್ರಶ್ನೆಯೂ ಇದೆ. ಈ ಪರೀಕ್ಷೆ ಹಿಡಿಯಬಲ್ಲದ್ದು ಯಾರನ್ನು? ಕಣ್ಣಿಗೆ ಕಾಣುವ ಹೊಗೆಯ, ಮಾನಾಕ್ಸೈಡ್ ಹೆಚ್ಚಿರುವ ಹಳೆಯ ಬೈಕು, ಆಟೋಗಳನ್ನು. ಹಿಡಿಯಲಾಗದ್ದು ಯಾರನ್ನು? ಕಾಣದ ಅನಿಲ ಉಗುಳುವ ದೊಡ್ಡ ಡೀಸೆಲ್ ವಾಹನವನ್ನು. ದಿನದ ದುಡಿಮೆಯಲ್ಲಿ ಬದುಕುವ ಆಟೋ ಚಾಲಕನಿಗೆ ಚೀಟಿ ಭಯ ಹುಟ್ಟಿಸುತ್ತದೆ; ಅವನಿಗಿಂತ ಹೆಚ್ಚು ನೈಟ್ರೋಜನ್ ಆಕ್ಸೈಡ್ ಬಿಡುವವನಿಗೆ ಅದು ನಿಶ್ಚಿಂತೆ ಕೊಡುತ್ತದೆ. ಹೆದ್ದಾರಿಯ ಅಂಚಿನ ಶಾಲೆಯ ಮಕ್ಕಳು, ಅಂಗಡಿಯವರು, ಪೊಲೀಸರು ಉಸಿರಾಡುವುದು ಎರಡನ್ನೂ ಬೆರೆಸಿದ ಗಾಳಿಯನ್ನು.

ಪರೀಕ್ಷೆಯನ್ನು ಕೈಬಿಡಿ ಎಂದು ಹೇಳುತ್ತಿಲ್ಲ. ಒಬಿಡಿ ಇಲ್ಲದ ಲಕ್ಷಾಂತರ ಹಳೆಯ ವಾಹನಗಳಿಗೆ ನಳಿಕೆಯ ಪರೀಕ್ಷೆಯೇ ಗತಿ, ಮಾನಾಕ್ಸೈಡ್ ನಿಜವಾಗಿಯೂ ವಿಷ. ಕೇಳುತ್ತಿರುವುದು ಇಷ್ಟೆ: ಕಾರ್ಬನ್ ಡೈಆಕ್ಸೈಡಿನ ಅಂಕಿಯನ್ನೂ ನೋಡಿ, ಗಾಳಿ ಬೆರೆತಿದ್ದರೆ ಸೈಲೆನ್ಸರ್ ಸರಿಪಡಿಸಿಕೊಂಡು ಬರಲು ಹೇಳಿ. ಒಬಿಡಿ ಇರುವ ವಾಹನಕ್ಕೆ ದೀಪವನ್ನೂ 'ಸಿದ್ಧ' ಸ್ಥಿತಿಯನ್ನೂ ಓದಿ. ಭಾರೀ ಡೀಸೆಲ್ ವಾಹನಗಳನ್ನು ಹೊರೆಯಡಿಯಲ್ಲಿ ಪರೀಕ್ಷಿಸುವ ವ್ಯವಸ್ಥೆ ಜಿಲ್ಲೆಗೊಂದಾದರೂ ಇರಲಿ.

ಅಲ್ಲಿಯವರೆಗೆ ನೀವೇ ಮಾಡಬಹುದಾದ ಕೆಲಸಗಳಿವೆ. ಕೀಲಿ ತಿರುಗಿಸಿ ಎಂಜಿನ್ ಚಾಲೂ ಮಾಡುವ ಮುನ್ನ ಹಳದಿ ದೀಪ ಹೊತ್ತಿಕೊಳ್ಳಬೇಕು, ಚಾಲೂ ಆದ ಮೇಲೆ ಆರಬೇಕು. ಮೊದಲೇ ಹೊತ್ತದಿದ್ದರೆ ಅದರ ಬಾಯಿ ಯಾರೋ ಮುಚ್ಚಿಸಿದ್ದಾರೆಯೇ ಎಂದು ವಿಚಾರಿಸಿ. ಹಳೆಯ ಕಾರು ಕೊಳ್ಳುವವರಿಗೆ ಇದು ಮುಖ್ಯ. ಕಾರಿನ ದೀಪ ಸ್ಥಿರವಾಗಿ ಹೊತ್ತಿದ್ದರೆ ಬೇಗ ಮೆಕ್ಯಾನಿಕ್ ಬಳಿ ಹೋಗಿ. ಮಿನುಗುತ್ತಿದ್ದರೆ ಸಿಲಿಂಡರಿನಲ್ಲಿ ಕಿಡಿ ತಪ್ಪುತ್ತಿದೆ, ಉರಿಯದ ಪೆಟ್ರೋಲ್ ಕನ್ವರ್ಟರಿನೊಳಗೆ ಉರಿದು ಅದನ್ನು ಕರಗಿಸಬಹುದು. ಆಗ ಕಾರನ್ನು ಓಡಿಸದಿರುವುದೇ ಲೇಸು.

ಅಧ್ಯಾಪಕರಿಗೆ ಒಂದು ಸಲಹೆ. ಮಕ್ಕಳು ತಮ್ಮ ಮನೆಯ, ನೆರೆಮನೆಯ ವಾಹನಗಳ ಚೀಟಿಯ ಅಂಕಿಗಳನ್ನಷ್ಟೇ ಬರೆದು ತರಲಿ. ಹೆಸರು, ಸಂಖ್ಯೆ ಬೇಡ. ವಾಹನದ ವಯಸ್ಸು, ಇಂಧನ, ಮಾನಾಕ್ಸೈಡಿನ ಪ್ರಮಾಣ ಇವನ್ನು ಕೋಷ್ಟಕವಾಗಿಸಿ. ಎಷ್ಟು ಚೀಟಿಗಳಲ್ಲಿ ಕಾರ್ಬನ್ ಡೈಆಕ್ಸೈಡ್ ಇದೆ? ಬೇರೆ ಬೇರೆ ವಾಹನಗಳಿಗೆ ಒಂದೇ ಅಂಕಿ ಮರುಕಳಿಸಿದೆಯೇ? ನೈಟ್ರೋಜನ್ ಆಕ್ಸೈಡ್ ಎಲ್ಲಿ ಎಂದು ಮಕ್ಕಳೇ ಕೇಳಲಿ. ಎಂಜಿನ್ ಚಾಲೂ ಮಾಡಿ ಅಳೆಯುವ ಪ್ರಯೋಗವನ್ನು ಮಾತ್ರ ಮಾಡಬೇಡಿ. ಮುಚ್ಚಿದ ಜಾಗದಲ್ಲಿ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ.

ಒಂದು ಅಳತೆ ತಾನು ಅಳೆದದ್ದನ್ನಷ್ಟೇ ಹೇಳಬೇಕು. 'ಈ ವಾಹನ ಇಂದು, ನಿಂತಲ್ಲಿ, ಎರಡು ಅನಿಲಗಳ ಮಟ್ಟಿಗೆ ಮಿತಿಯೊಳಗಿತ್ತು' ಎಂದು ಚೀಟಿ ಬರೆದಿದ್ದರೆ ಯಾವ ತಕರಾರೂ ಇರುತ್ತಿರಲಿಲ್ಲ. 'ಮಾಲಿನ್ಯ ನಿಯಂತ್ರಣದಲ್ಲಿದೆ' ಎನ್ನಲು ಅದರ ಬಳಿ ಸಾಕಷ್ಟು ಪುರಾವೆ ಇಲ್ಲ.